ದುಫಿಯ ಅಂಗಳದ ಲಾರಿ

ತೆಪಾ
೨ ಮಾರ್ಚ್ ೧೯೮೦

ತಮ್ಮ ಯಾವ್ ಬೆಡಿಯಾಕೊನಿಗೆ, ಅಕ್ಕ ದುಫಿ ಬರೆಯುವುದು.

ನೀನು ಕಳಿಸಿದ್ದು ನಿನ್ನೆ ಬಂತು. ‘ಲಾರಿ ಕಳಿಸುತ್ತಿದ್ದೇನೆ’ ಎಂದು ನೀನು ಬರೆದಿದ್ದೆ, ನಾನು ಲಾರಿಯನ್ನೇ ಕಾಯುತ್ತಿದ್ದೆ. ಟ್ರ್ಯಾಕ್ಟರೊಂದು ಸರಪಳಿ ಕಟ್ಟಿ ಎಳೆದು ತಂದಿತು. ಹಳೆಯ ಬೆಡ್‌ಫೋರ್ಡ್. ಹಿಂದಿನ ಮರದ ಕಟ್ಟಿನಲ್ಲಿ ಯಾರದೋ ಕೋಳಿ ಮೊಟ್ಟೆ ಇಟ್ಟಿದೆ. ಬಾನೆಟ್ಟು ಎತ್ತಿದರೆ ಒಳಗಿನಿಂದ ಬಳ್ಳಿ ಹೊರಗೆ ಬಂತು. ಪೆಟ್ರೋಲ್ ಇಂಜಿನ್ನು ತುಕ್ಕು ಹಿಡಿದು ಕಲ್ಲಾಗಿದೆ. ಇಂಥದ್ದನ್ನು ನನ್ನ ತಾಳೆ ಎಣ್ಣೆಯ ಒಲೆಗಳ ಪಕ್ಕದಲ್ಲೇ ಬಿಟ್ಟು, ಸರಪಳಿ ಬಿಚ್ಚಿಕೊಂಡು ಅವರು ಹೊರಟುಹೋದರು. ಈಗ ಎಣ್ಣೆ ಕುದಿಸಲು ನಾನು ಅದರ ಮೂತಿಯನ್ನು ಸುತ್ತಿ ಓಡಾಡಬೇಕು.

ಪಕ್ಕದ ಮನೆಯ ಮುದುಕಿ ಬಂದು ಒಂದು ಸುತ್ತು ಹಾಕಿದಳು. “ದುಫಿ, ಇದನ್ನ ಹೂಳೋಕೆ ತರಿಸಿದ್ಯೋ, ಸಾಕೋಕೆ ತರಿಸಿದ್ಯೋ?” ಅಂದಳು. “ನನ್ನ ತಮ್ಮ ಲೇಗಾಸಿನಲ್ಲಿ ದೊಡ್ಡ ಡ್ರೈವರು, ಅವನಿಗೆ ಗೊತ್ತಿರತ್ತೆ ಬಿಡಿ” ಅಂದೆ. ಅವಳ ನಗು ನಿಲ್ಲಲಿಲ್ಲ.

ಯಾವ್, ತಮಾಷೆ ಬಿಟ್ಟು ಕೇಳುತ್ತೇನೆ. ಕಳೆದ ವಾರವೂ ನನ್ನ ಮೂರು ಡ್ರಮ್ ಎಣ್ಣೆ ರಸ್ತೆ ಪಕ್ಕದಲ್ಲಿ ನಾಲ್ಕು ದಿನ ಬಿಸಿಲು ಕಾಯಿತು. ಕುಮಾಸಿಗೆ ಹೋಗುವ ಯಾವ ಲಾರಿಯೂ ಹತ್ತಿಸಿಕೊಳ್ಳಲಿಲ್ಲ. ನನ್ನ ಮಗ ಅಸಾರೆಗೆ ಇಪ್ಪತ್ತೆರಡು ತುಂಬಿತು. ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ಸಾಮಿಲ್ಲಿನಲ್ಲಿ ಹಲಗೆ ಜೋಡಿಸುತ್ತಿದ್ದಾನೆ. ಅಕ್ಟೋಬರಿನಲ್ಲಿ ಕೋಕೋ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮದೇ ಗಾಡಿ ಇದ್ದರೆ ನಾವಿಬ್ಬರೂ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ. ಅದಕ್ಕೇ ನಾನು ಆಸೆ ಇಟ್ಟುಕೊಂಡಿದ್ದೆ. ಈ ಹೆಣ ಎದ್ದು ಓಡುತ್ತದೆಯೇ? ನಿಜ ಹೇಳು.

ನಿನ್ನ ಅಕ್ಕ
ದುಫಿ


ಲೇಗಾಸ್
೩೦ ಮಾರ್ಚ್ ೧೯೮೦

ಅಕ್ಕ,

ನಿನ್ನ ಬೈಗುಳ ಸುರಕ್ಷಿತವಾಗಿ ತಲುಪಿತು. ತಂದುಕೊಟ್ಟ ಬಟ್ಟೆ ವ್ಯಾಪಾರದ ಹೆಂಗಸು, “ನಿಮ್ಮಕ್ಕ ಕಾಗದ ಕೊಡೋವಾಗ್ಲೇ ಮುಖ ಕೆಂಪಗಿತ್ತು” ಅಂದಳು.

ಓಡುತ್ತದೆ ಅಕ್ಕ. ಚಾಸಿ ನೋಡು, ಒಂದು ಬಿರುಕಿಲ್ಲ. ಪೆಟ್ರೋಲ್ ಇಂಜಿನ್ನನ್ನು ಕಿತ್ತು ಬಿಸಾಕಲು ಹೇಳು. ಅಸಾರೆಯ ಸಾಮಿಲ್ಲಿನ ಹಿಂದೆ ಹಳೆಯ ಡೀಸೆಲ್ ಇಂಜಿನ್ನು ಬಿದ್ದಿದೆಯಲ್ಲ, ಗರಗಸ ತಿರುಗಿಸಲು ಇಟ್ಟಿದ್ದದ್ದು, ಅದನ್ನು ಬಿಟ್ಟುಕೊಡಲು ಡಿಸೆಂಬರಿನಲ್ಲಿ ಬಂದಾಗಲೇ ಮಾತಾಡಿದ್ದೇನೆ. ಅದನ್ನು ಇದರೊಳಗೆ ಕೂರಿಸಿದರೆ ಇನ್ನು ಇಪ್ಪತ್ತು ವರ್ಷ ಬಾಳುತ್ತದೆ. ಗ್ಯಾರೇಜಿಗೆ ಕೊಂಡೊಯ್ಯಬೇಡ. ಅಲ್ಲಿ ಒಂದು ಬೋಲ್ಟು ಹಾಕಿ ಎರಡು ಕದಿಯುತ್ತಾರೆ. ಫಿಟರ್ ನ್ಯಾರ್ಕೊ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಮಧ್ಯಾಹ್ನ ಒಂದು ತಟ್ಟೆ ಫುಫು ಮುದ್ದೆ, ಶೇಂಗಾ ಸಾರು ಹಾಕಿದರೆ ನಿನ್ನ ಅಂಗಳಕ್ಕೇ ಬರುತ್ತಾರೆ. ನೀನೂ ಜೊತೆಗೆ ನಿಂತು ಕಲಿತುಕೋ. ಪಿಸ್ಟನ್ ರಿಂಗು, ಬೆಲ್ಟು, ಫಿಲ್ಟರು ಇಲ್ಲಿಂದ ಕಳಿಸುತ್ತಿರುತ್ತೇನೆ.

ಅದು ಅಸಾರೆಯ ಲಾರಿ, ಇದನ್ನು ಎಲ್ಲರಿಗೂ ಹೇಳಿಬಿಡು. ಮಾವನದ್ದು ಅಳಿಯನಿಗೆ, ಅಕ್ಕನ ಮಗನಿಗೆ ಹೋಗುವುದು ನಮ್ಮಲ್ಲಿ ಇದ್ದದ್ದೇ. ನಾನು ಸತ್ತ ಮೇಲೆ ಬರುವುದು ಸ್ವಲ್ಪ ಮೊದಲೇ ಬಂತು, ಅಷ್ಟೆ. ಯಾಕೆ ಎಂದು ಯಾರೂ ಕೇಳುವುದಿಲ್ಲ, ನೀನೂ ಕೇಳಬೇಡ.

ಒಂದು ಮಾತು. ಮುಂದೆ, ಹಣೆಯ ಮೇಲಿನ ಹಲಗೆಯನ್ನು ಕೆರೆಯಲು ಹೋಗಬೇಡಿ. ಹಳೆಯ ಮರ, ಸೀಳಿಹೋಗುತ್ತದೆ. ಇರುವ ಹಸಿರು ಬಣ್ಣದ ಮೇಲೆಯೇ ಇನ್ನೊಂದು ಬಣ್ಣ ಬಳಿದು, ನಿಮಗೆ ಬೇಕಾದ ಮಾತು ಬರೆಸಿಕೊಳ್ಳಿ.

ನಿನ್ನ ತಮ್ಮ
ಯಾವ್


ತೆಪಾ
೧೫ ಜೂನ್ ೧೯೮೦

ಯಾವ್,

ನಿನ್ನ ಅಕ್ಕ ಈಗ ಫಿಟರು. ನಗಬೇಡ. ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಚರ್ಚಿನಲ್ಲಿ ಪಕ್ಕದವಳು ನನ್ನ ಕೈ ನೋಡಿ ಸರಿದು ಕೂತಳು.

ಮೂರು ಮರದ ತೊಲೆಗಳನ್ನು ಮೇಲೆ ಸೇರಿಸಿ ಕಟ್ಟಿ, ಸರಪಳಿ ರಾಟೆಯಲ್ಲಿ ಹಳೆಯ ಇಂಜಿನ್ನು ಎತ್ತಿದೆವು. ಡೀಸೆಲ್ ಇಂಜಿನ್ನು ಇಳಿಸುವಾಗ ಗೊತ್ತಾಯಿತು, ಅದು ನಾಲ್ಕು ಬೆರಳು ಹೆಚ್ಚು ಉದ್ದ. ಗೇರ್‌ಬಾಕ್ಸಿಗೂ ಅದಕ್ಕೂ ಹೊಂದಿಕೆಯಿಲ್ಲ. ನ್ಯಾರ್ಕೊ ಕಮ್ಮಾರನಿಂದ ಒಂದು ದಪ್ಪ ಕಬ್ಬಿಣದ ಬಿಲ್ಲೆ ಮಾಡಿಸಿ, ಎರಡೂ ಕಡೆ ತೂತು ಕೊರೆದು, ನಡುವೆ ಇಟ್ಟು ಜೋಡಿಸಿದರು. ಆದರೂ ರೇಡಿಯೇಟರಿಗೆ ಜಾಗ ಸಾಲದೆ ಮೂತಿಯನ್ನು ಕತ್ತರಿಸಿ ಮುಂದೆ ತಳ್ಳಬೇಕಾಯಿತು. ಈಗ ಲಾರಿಯ ಮುಖ ಮುನಿಸಿಕೊಂಡ ನಾದಿನಿಯ ಹಾಗಿದೆ. ವಾಲ್ವುಗಳನ್ನು ನಾನೇ ಕೂತು ಅರೆದು ಕೂರಿಸಿದೆ. ಡೀಸೆಲ್ಲನ್ನು ನನ್ನ ಹಳೆಯ ತಲೆವಸ್ತ್ರದಲ್ಲಿ ಸೋಸಿ ಟ್ಯಾಂಕಿಗೆ ಹಾಕಿದೆ. ಪೈಪಿನಲ್ಲಿ ಗಾಳಿ ಸೇರಿದ್ದರೆ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಒಂದೊಂದೇ ನಟ್ಟು ಸಡಿಲಿಸಿ, ಗುಳ್ಳೆ ಹೋಗಿ ಬರೀ ಎಣ್ಣೆ ಬರುವ ತನಕ ಕಾಯಬೇಕು. ಅದನ್ನೂ ಕಲಿತೆ.

ಮೊನ್ನೆ ಶನಿವಾರ ಹತ್ತಿತು. ಅಂಗಳವೆಲ್ಲ ಕಪ್ಪು ಹೊಗೆ. ಖುಷಿಯಿಂದ ಕೀಲಿ ತಿರುಗಿಸಿ ಆರಿಸಿದೆ. ಆರಲಿಲ್ಲ. ಕೀಲಿ ಕೈಯಲ್ಲಿದೆ, ಇಂಜಿನ್ನು ಓಡುತ್ತಲೇ ಇದೆ, ಶಬ್ದ ಏರುತ್ತಲೇ ಇದೆ. ಮಕ್ಕಳು, ಮೇಕೆಗಳು, ಪಕ್ಕದ ಮನೆಯ ಮುದುಕಿ ಎಲ್ಲ ದಿಕ್ಕಾಪಾಲು. ನ್ಯಾರ್ಕೊ ಕೂಗಿದರು, “ಡೀಸೆಲ್‌ಗೆ ಕೀಲಿ ಲೆಕ್ಕಕ್ಕಿಲ್ಲ ಕಣಮ್ಮ, ಉಸಿರು ಕಟ್ಟಿಸ್ಬೇಕು.” ನಾನು ಕೂರುವ ಮಣೆಯನ್ನೇ ತಂದು ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದೆ. ಒಂದು ಸಲ ಇಡೀ ಲಾರಿ ನಡುಗಿ ನಿಂತಿತು. ಈಗ ಸೈಕಲ್ಲಿನ ಬ್ರೇಕ್ ತಂತಿಯಿಂದ ಆರಿಸುವ ದಾರ ಮಾಡಿದ್ದೇವೆ.

ಈ ಅಂಗಳದಲ್ಲಿ ಇಷ್ಟು ನಗು ಕೇಳಿ ಎಂಟು ವರ್ಷವಾಗಿತ್ತು ಯಾವ್. ನಿನ್ನ ಭಾವ ಅಪ್ರಾಕು ಹೋದ ಮೇಲೆ ಲಾರಿಯ ಸದ್ದು ಕೇಳಿದರೆ ನಾನು ಏನು ಮಾಡುತ್ತಿದ್ದೆ ಎಂದು ನಿನಗೆ ಗೊತ್ತು. ತಾಯಿಯನ್ನು ನೋಡಿಕೊಂಡು ಗೊವಾಸೊ ರಸ್ತೆಯಲ್ಲಿ ನಡೆದು ಬರುತ್ತಿದ್ದ ಮನುಷ್ಯನನ್ನು ಹೊಡೆದು ಉರುಳಿಸಿ ಒಂದು ಲಾರಿ ನಿಲ್ಲದೆ ಹೋಯಿತು. ಮುಂದೆ ತಿರುವಿನಲ್ಲಿದ್ದ ಹೆಂಡ ಇಳಿಸುವವನು ಅದರ ಹಣೆ ಓದಿದ್ದ: ‘ಒಬ್ಬನೇ ಬಂದೆ’. ಅದೊಂದೇ ಗುರುತು. ಮೂವತ್ತೇಳನೇ ವಯಸ್ಸಿನಲ್ಲಿ ಚರ್ಚಿನ ಬೆಂಚಿನಲ್ಲಿ ಮುದುಕಿಯರ ಜೊತೆ ಕೂತು ನಾನು ಅಕ್ಷರ ಕಲಿತದ್ದು ಬೈಬಲ್ ಓದಲು ಎಂದು ಪಾದ್ರಿಗಳು ತಿಳಿದಿದ್ದಾರೆ. ನಾನು ಕಲಿತದ್ದು ಲಾರಿಗಳ ಹಣೆ ಓದಲು. ಎಂಟು ವರ್ಷ ರಸ್ತೆ ಪಕ್ಕದಲ್ಲಿ ಎಣ್ಣೆ ಮಾರುತ್ತ ಎಲ್ಲವನ್ನೂ ಓದಿದೆ. ಅದು ಮತ್ತೆ ಬರಲೇ ಇಲ್ಲ.

ಅದಕ್ಕೇ ನಮ್ಮ ಲಾರಿಯ ಹಣೆಯ ಮೇಲೆ ಒಳ್ಳೆಯ ಮಾತು ಇರಬೇಕು. ಏನು ಬರೆಸಲಿ? ನೀನೇ ಹೇಳು. ಇಂಜೆಕ್ಟರಿನ ಮೂತಿಗಳು ಸವೆದಿವೆ, ಅದಕ್ಕೇ ಕಪ್ಪು ಹೊಗೆ ಎನ್ನುತ್ತಾರೆ ನ್ಯಾರ್ಕೊ. ನಾಲ್ಕು ಕಳಿಸು.

ದುಫಿ


ಲೇಗಾಸ್
೧೦ ಜುಲೈ ೧೯೮೦

ಅಕ್ಕ,

ಇಂಜೆಕ್ಟರಿನ ಮೂತಿ ನಾಲ್ಕು, ಗ್ರೀಸಿನಲ್ಲಿ ಅದ್ದಿ ಬಟ್ಟೆಯಲ್ಲಿ ಸುತ್ತಿದ್ದೇನೆ. ಕೆಳಗೆ ಬೀಳಿಸಬೇಡ. ಇಂಜಿನ್ನು ಹತ್ತಿದ ಸುದ್ದಿ ಓದಿ ಇಲ್ಲಿಯ ನಮ್ಮೂರಿನ ಡ್ರೈವರುಗಳಿಗೆಲ್ಲ ಹೇಳಿದೆ. “ನಿಮ್ಮಕ್ಕನ್ನ ಇಲ್ಲಿಗೆ ಕಳಿಸು, ನಮ್ಮ ಫಿಟರ್‌ನ ಓಡಿಸ್ತೀವಿ” ಎಂದರು.

ಎರಡನೇ ಗೇರು ಹಾರುತ್ತದೆ, ಇಳಿಜಾರಿನಲ್ಲಿ ಅಸಾರೆ ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದುಕೊಳ್ಳಲಿ. ಬ್ರೇಕಿನ ಲೈನಿಂಗ್ ಹೊಸದು ಹಾಕದೆ ರಸ್ತೆಗೆ ಇಳಿಸಬೇಡಿ. ಬ್ರೇಕು ಮೊದಲು, ಉಳಿದದ್ದೆಲ್ಲ ಆಮೇಲೆ.

ಹಣೆಯ ಮೇಲೆ ಏನು ಬೇಕಾದರೂ ಬರೆಸು. ಅಸಾರೆಯ ಹೆಸರೇ ಇರಲಿ. ಆದರೆ ಮೊದಲೇ ಹೇಳಿದ್ದೇನೆ, ಕೆರೆಯಬೇಡಿ. ಮರ ಹಾಳಾದರೆ ಅಂಥ ಒಡಮ್ ಮರದ ಹಲಗೆ ಈಗ ಸಿಗುವುದಿಲ್ಲ. ಭಾವನ ವಿಷಯ ಬರೆದಿದ್ದೀ. ಎಂಟು ವರ್ಷವಾಯಿತು ಅಕ್ಕ. ಇನ್ನು ರಸ್ತೆ ನೋಡುವುದು ಬಿಡು.

ಯಾವ್


ತೆಪಾ
೯ ಆಗಸ್ಟ್ ೧೯೮೦

ಯಾವ್,

ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದು.

ನಾನು ಕೆರೆದೆ. ನೀನು ಬೇಡ ಎಂದಿದ್ದೆ. ನೀನು ಹಲಗೆ ಉಳಿಸಲು ಹೇಳುತ್ತಿದ್ದೀ, ದೂರದಲ್ಲಿ ಕೂತು ಅದು ಎಷ್ಟು ಗಟ್ಟಿ ಇದೆ ಎಂದು ನಿನಗೇನು ಗೊತ್ತು ಎಂದುಕೊಂಡೆ. ಹಸಿರು ಬಣ್ಣ ಬೊಬ್ಬೆ ಎದ್ದಿತ್ತು, ಅದರ ಮೇಲೆ ಹೊಸ ಬಣ್ಣ ನಿಲ್ಲುತ್ತಿರಲಿಲ್ಲ. ಮುರಿದ ಗಾಜು ಹಿಡಿದು ಏಣಿ ಹತ್ತಿದೆ. ಹಸಿರಿನ ಕೆಳಗೆ ನೀಲಿ. ನೀಲಿಯ ಕೆಳಗೆ ಬಿಳಿಯ ಅಕ್ಷರ. ಎಡದಿಂದ ಒಂದೊಂದೇ ಅಕ್ಷರ ಬಂತು. ಮೂರು ಅಕ್ಷರ ಬಂದಾಗಲೇ ನನಗೆ ಗೊತ್ತಾಯಿತು. ಆದರೂ ಕೆರೆಯುತ್ತಲೇ ಹೋದೆ, ಬೇರೇನೋ ಆಗಿರಲಿ ದೇವರೇ ಎಂದುಕೊಂಡು.

ಒಬ್ಬನೇ ಬಂದೆ.

ಏಣಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಕೆಳಗೆ ಕೂತುಬಿಟ್ಟೆ. ಒಲೆಯ ಮೇಲೆ ಎಣ್ಣೆ ಸೀದುಹೋಯಿತು. ನ್ಯಾರ್ಕೊ ಊಟಕ್ಕೆ ಬಂದವರು ಹಲಗೆ ನೋಡಿದರು, ನನ್ನನ್ನು ನೋಡಿದರು, ಉಣ್ಣದೆ ವಾಪಸು ಹೋದರು. ಐದು ತಿಂಗಳು ಯಾವ್. ಐದು ತಿಂಗಳು ಇದರ ಕೆಳಗೆ ಮಲಗಿ ಎಣ್ಣೆ ಹಚ್ಚಿದ್ದೇನೆ. ಇದರ ಬಂಪರನ್ನು ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸಿದ್ದೇನೆ. ಆ ಬಂಪರು ಏನು ಮಾಡಿತ್ತು ಎಂದು ನೆನೆದರೆ ನನ್ನ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯುತ್ತಿಲ್ಲ.

ನಿನಗೆ ಗೊತ್ತಿಲ್ಲದೆ ನಿನ್ನ ಕೈಗೆ ಇದನ್ನು ಕಟ್ಟಿದ್ದಾರೆ. ಯಾರು ಮಾರಿದ್ದು? ಹೆಸರು ಬರೆ, ಊರು ಬರೆ. ೧೯೭೨ರಲ್ಲಿ ಇದನ್ನು ಯಾರು ಓಡಿಸುತ್ತಿದ್ದ ಎಂದು ಕೇಳಿ ಬರೆ. ನಾನು ಅವನ ಹೊಸ್ತಿಲಲ್ಲಿ ಹೋಗಿ ಕೂರುತ್ತೇನೆ. ಅವನನ್ನು ಬಡಿಯಬೇಕೆಂದಿಲ್ಲ, ಪೊಲೀಸರಿಗೆ ಕೊಡಬೇಕೆಂದೂ ಇಲ್ಲ. ಅವನು ಯಾವ ಮುಖ ಹೊತ್ತುಕೊಂಡು ಇಷ್ಟು ವರ್ಷ ಊಟ ಮಾಡಿದ ಎಂದು ನೋಡಬೇಕು. ನೀನು ಬಾ. ನಮ್ಮ ಮನೆಯ ಗಂಡಸು ನೀನೇ, ನೀನು ನನ್ನ ಪಕ್ಕ ನಿಂತಿರಬೇಕು.

ಅಸಾರೆ ಸಾಮಿಲ್ಲಿನಲ್ಲಿದ್ದಾನೆ, ಅವನಿಗೆ ಇನ್ನೂ ಹೇಳಿಲ್ಲ. ಹಲಗೆಯ ಮೇಲೆ ಗೋಣಿ ಹೊದಿಸಿದ್ದೇನೆ.

ದುಫಿ


ತೆಪಾ
೨೮ ಆಗಸ್ಟ್ ೧೯೮೦

ಯಾವ್,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವಳು ನಾನೇ, ಬರೆಯುತ್ತಿರುವವನು ಅಸಾರೆ. ನನ್ನ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದಾರೆ.

ನೀನು ಕಳಿಸಿದ ಇಂಜೆಕ್ಟರಿನ ಮೂತಿಗಳನ್ನು ಹೊರಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದೆವು. ನ್ಯಾರ್ಕೊ, “ಮುಖ ದೂರ ಇಟ್ಕೊ, ಅದರ ತುಂತುರು ಸೂಜಿಗಿಂತ ಮೊನಚು” ಎಂದು ಹೇಳಿಯೇ ಇದ್ದರು. ನನ್ನ ತಲೆ ಆ ದಿನಗಳಲ್ಲಿ ತಲೆಯಾಗಿರಲಿಲ್ಲ. ಬಗ್ಗಿ ನೋಡಿದೆ. ಡೀಸೆಲ್ಲು ಕಣ್ಣಿಗೇ ಹೊಡೆಯಿತು. ಇನ್ನೊಂದು ತಿಂಗಳು ಬೆಳಕು ನೋಡಬಾರದು ಎಂದಿದ್ದಾರೆ, ಆಮೇಲೆ ಎರಡೂ ಸರಿಹೋಗುತ್ತವಂತೆ. ಅಸಾರೆ ಕೆಲಸ ಬಿಟ್ಟು ಮನೆಗೆ ಬಂದಿದ್ದಾನೆ. ನನಗೆ ಉಣಿಸುವವನು ಅವನೇ, ಓದಿ ಹೇಳುವವನು ಅವನೇ. ಬಂದವನೇ ಗೋಣಿ ಎತ್ತಿ ನೋಡಿದ್ದರಿಂದ ಅವನಿಗೆ ಎಲ್ಲ ಹೇಳಬೇಕಾಯಿತು.

ಒಳ್ಳೆಯದೇ ಆಯಿತು. ಅವನು ಪೇಂಟರ್ ಜೋನಾನನ್ನು ಕರೆತಂದ. ಜೋನಾ ಹಲಗೆ ಮುಟ್ಟಿ ನೋಡಿ ನಕ್ಕುಬಿಟ್ಟ. “ದುಫಿಯಮ್ಮ, ಆಗ ಎಲ್ಲಾರಿಗೂ ಇದೇ ಮಾತು ಬೇಕಿತ್ತು. ನಾನೊಬ್ನೇ ಆರು ಲಾರಿಗೆ ಬರ್ದಿದೀನಿ. ಸುನ್ಯಾನಿ ಕಡೆ ಪೇಂಟರ್‌ಗಳು ಇನ್ನೆಷ್ಟಕ್ಕೆ ಬರ್ದಿದಾರೋ. ಇದೇ ಆ ಲಾರಿ ಅಂತ ಹೆಂಗೆ ಹೇಳ್ತೀಯ?” ಅಂದ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿನಗೆ ಬರೆದ ಕಾಗದವನ್ನು ನೆನೆದು ನಾಚಿಕೆಯಾಯಿತು. ದೂರದೇಶದಲ್ಲಿ ದುಡಿಯುವ ನಿನ್ನ ನಿದ್ದೆ ಕೆಡಿಸಿದೆ. ಯಾರನ್ನೂ ಹುಡುಕಿಕೊಂಡು ಹೋಗಬೇಡ. ಆ ಕಾಗದವನ್ನು ಹರಿದು ಹಾಕು, ಅಕ್ಕನನ್ನು ಕ್ಷಮಿಸು.

ಇನ್ನು ಮುಂದಿನದು ನನ್ನ ಮಾತು, ಅಸಾರೆಯದು. ಮಾವ, ಬ್ರೇಕಿನ ಲೈನಿಂಗ್ ನೀವು ಹೇಳಿದಂತೆ ಹೊಸದು ಹಾಕಿದ್ದೇವೆ. ಲಾರಿ ಸಿದ್ಧವಾಗಿದೆ. ಅಪ್ಪ ಹೋದ ಮೇಲೆ ನನಗೆ ಅಪ್ಪನಾಗಿ ನಿಂತವರು ನೀವು, ಮೊದಲ ಸವಾರಿಗೆ ನೀವು ಪಕ್ಕದಲ್ಲಿ ಕೂರಬೇಕು. ಅಕ್ಟೋಬರಿಗೆ ಬನ್ನಿ.

ದುಫಿ
ಬರೆದವನು ಅಸಾರೆ


ಲೇಗಾಸ್
೨ ಸೆಪ್ಟೆಂಬರ್ ೧೯೮೦

ಅಕ್ಕ,

ಆಗಸ್ಟ್ ಒಂಬತ್ತರ ನಿನ್ನ ಕಾಗದ ನಿನ್ನೆ ಕೈಸೇರಿತು. ಓದಿ ಲಾರಿಯ ಮೆಟ್ಟಿಲ ಮೇಲೆ ಕೂತೆ. ಮಾಲು ಇಳಿಸುವವರು ಬಂದು, “ಮನೇಲಿ ಯಾರಾದ್ರೂ ಹೋದ್ರಾ?” ಎಂದು ಕೇಳಿದರು. ಹೌದು ಎಂದೆ.

ನೀನು ಮಾರಿದವರ ಹೆಸರು ಕೇಳಿದ್ದೀ. ಅವರ ತಪ್ಪೇನೂ ಇಲ್ಲ. ಓಡಿಸಿದವನ ಹೆಸರು ಕೇಳಿದ್ದೀ. ಇದನ್ನು ನಾನು ನೂರು ಸಲ ನಿನ್ನೆದುರು ಹೇಳಬೇಕೆಂದು ಬಂದಿದ್ದೆ. ಪ್ರತಿ ಕ್ರಿಸ್ಮಸ್ಸಿಗೂ ಅದಕ್ಕೇ ಬರುತ್ತಿದ್ದೆ. ನೀನು ಸಾರು ಬಡಿಸುತ್ತಿದ್ದೆ, ನಾನು ಉಂಡು ಹೊರಡುತ್ತಿದ್ದೆ.

ಆಗ ನಾನು ಓಡಿಸುತ್ತಿದ್ದದ್ದು ತಮಾಲೆ ಕಡೆಯ ಲಾರಿ, ನಿನಗೆ ನೆನಪಿದೆ. ಆ ಒಂದು ವಾರ ಮಾತ್ರ, ಮಾಲೀಕರ ಇನ್ನೊಂದು ಲಾರಿಯ ಡ್ರೈವರಿಗೆ ಜ್ವರ ಎಂದು ಅವನ ಬದಲು ಹೋಗಿದ್ದೆ. ಗೊವಾಸೊ ರಸ್ತೆ. ಹೊತ್ತು ಮುಳುಗುತ್ತಿತ್ತು, ಮರದ ದಿಮ್ಮಿ ತುಂಬಿತ್ತು. ಇಳಿಜಾರಿನಲ್ಲಿ ಬ್ರೇಕು ಸರಿಯಾಗಿ ಹಿಡಿಯಲಿಲ್ಲ. ರಸ್ತೆ ಬದಿಯಲ್ಲಿ ಬೆನ್ನು ಮಾಡಿ ನಡೆಯುತ್ತಿದ್ದ ಒಬ್ಬನಿಗೆ ತಾಗಿತು. ನಿಂತ ಡ್ರೈವರನ್ನು ಊರವರು ಜೀವಸಹಿತ ಬಿಡುವುದಿಲ್ಲ ಎಂದು ನಿನಗೂ ಗೊತ್ತು. ಓಡಿಹೋಗಿ ಪೊಲೀಸ್ ಠಾಣೆ ಸೇರಿಕೊಳ್ಳಬೇಕು, ನಾವು ಮೊದಲ ದಿನ ಕಲಿಯುವ ಪಾಠ ಅದು. ನಾನು ಠಾಣೆಯ ಮುಂದೆಯೂ ನಿಲ್ಲಿಸಲಿಲ್ಲ.

ಅವನು ತಕ್ಷಣ ಸತ್ತ ಎಂದು ನಾನೇ ನಿನ್ನ ಕೈ ಹಿಡಿದು ಹೇಳಿದೆ. ನೋವು ತಿಳಿಯುವ ಮೊದಲೇ ಹೋದ ಎಂದೆ. ಅದು ಸುಳ್ಳು. ಕನ್ನಡಿಯಲ್ಲಿ ನೋಡಿದೆ. ಅವನು ಎದ್ದು ಕೂತಿದ್ದ. ಒಂದು ಕೈ ಎತ್ತಿದ. ಆಮೇಲೆ ತಿರುವು ಬಂತು.

ಯಾರು ಎಂದು ಆಗ ನನಗೆ ಗೊತ್ತಿರಲಿಲ್ಲ. ಮಾಲೀಕರು ಮಾರನೆಯ ದಿನವೇ ಹಣೆಗೆ ನೀಲಿ ಬಳಿಸಿದರು, ನನ್ನನ್ನು ತಮಾಲೆಗೆ ವಾಪಸು ಕಳಿಸಿದರು. ಮೂರನೇ ದಿನ ಅಲ್ಲಿಗೆ ಹೇಳಿಕೆ ಬಂತು, ‘ನಿನ್ನ ಭಾವನನ್ನು ಲಾರಿ ಹೊಡೆಯಿತು, ಗೊವಾಸೊ ರಸ್ತೆಯಲ್ಲಿ’ ಎಂದು. ನಿನ್ನ ಅಂಗಳ ಮುಟ್ಟುವ ತನಕ ಬೇರೆ ರಸ್ತೆ ಇರಬೇಕು, ಬೇರೆ ಹೊತ್ತು ಇರಬೇಕು ಎಂದುಕೊಂಡೇ ಬಂದೆ. ನೀನು ಬಂದು ನನ್ನ ಕೊರಳಿಗೆ ಬಿದ್ದೆ. ನಮ್ಮ ಮನೆಯ ಪರವಾಗಿ ಶವಪೆಟ್ಟಿಗೆ ಕೊಟ್ಟವನು ನಾನು, ಬಂದವರ ಕೈ ಕುಲುಕಿ ಕೂರಿಸಿದವನು ನಾನು. ಹೆಂಡ ಇಳಿಸುವವನು ‘ಒಬ್ಬನೇ ಬಂದೆ’ ಎಂದು ಎಲ್ಲರೆದುರು ಹೇಳುವಾಗ ಅವನಿಗೆ ಕುಡಿಯಲು ನೀರು ಕೊಟ್ಟವನೂ ನಾನೇ.

ಮಾಲೀಕರು ತೀರಿಕೊಂಡ ಮೇಲೆ ಆ ಲಾರಿ ಅವರ ಹಿತ್ತಲಲ್ಲಿ ಬಳ್ಳಿ ಹಬ್ಬಿ ಬಿದ್ದಿತ್ತು. ಬೇರೆ ಯಾವ ಲಾರಿ ಕೊಟ್ಟಿದ್ದರೂ ಅದು ಉಡುಗೊರೆಯಾಗುತ್ತಿತ್ತು. ಭಾವನನ್ನು ಕೊಂದದ್ದೇ ಭಾವನ ಮಗನಿಗೆ ಅನ್ನ ಹಾಕಲಿ ಎಂದುಕೊಂಡೆ. ಮಾವ ಕೊಟ್ಟದ್ದನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲವಲ್ಲ. ಹುಚ್ಚು ಲೆಕ್ಕಾಚಾರ. ಹಲಗೆಯನ್ನಾದರೂ ಬದಲಿಸಬಹುದಿತ್ತು ಎನ್ನುತ್ತೀ. ಏಣಿ ಇಟ್ಟು ಎರಡು ಸಲ ಹತ್ತಿದೆ. ಮುಟ್ಟಲು ನನ್ನಿಂದ ಆಗಲಿಲ್ಲ.

ನಿನಗೆ ತೋಚಿದ್ದು ಮಾಡು. ಬಾ ಎಂದರೆ ಬರುತ್ತೇನೆ. ಲಾರಿ ಸುಡು ಎಂದರೆ ನಾನೇ ಬಂದು ಸುಡುತ್ತೇನೆ. ಒಂದೇ ಒಂದು ಬೇಡಿಕೆ ಅಕ್ಕ, ಜೀವಮಾನದಲ್ಲಿ ನಿನ್ನನ್ನು ಬೇರೇನೂ ಕೇಳುವುದಿಲ್ಲ. ಅಸಾರೆಗೆ ಇದು ಎಂದೂ ತಿಳಿಯಬಾರದು. ಅವನು ನನ್ನನ್ನು ಅಪ್ಪ ಎಂದೇ ನೋಡುತ್ತಾನೆ. ಇದನ್ನು ನೀನೊಬ್ಬಳೇ ಓದಿ ಒಲೆಗೆ ಹಾಕು.

ಯಾವ್


ತೆಪಾ
೧೯ ಸೆಪ್ಟೆಂಬರ್ ೧೯೮೦

ಯಾವ್ ಬೆಡಿಯಾಕೊ ಮಾವನವರಿಗೆ, ಅಸಾರೆ ಬರೆಯುವುದು.

ನಿಮ್ಮ ಕಾಗದ ಹತ್ತು ದಿನಗಳ ಹಿಂದೆ ಬಂತು. ಅಮ್ಮನ ಕಣ್ಣಿಗೆ ಪಟ್ಟಿ ಇದೆ ಎಂದು ಬರೆದ ನಮ್ಮ ಕಾಗದ ನಿಮಗೆ ತಡವಾಗಿ ಸಿಕ್ಕಿರಬೇಕು, ಅಥವಾ ಸಿಕ್ಕಿಯೇ ಇಲ್ಲ. ನಾನು ಲಕೋಟೆ ಒಡೆದು ಗಟ್ಟಿಯಾಗಿ ಓದಿದೆ. ಅಮ್ಮ ಮಣೆಯ ಮೇಲೆ ಕೂತಿದ್ದಳು. ಫಿಟರ್ ನ್ಯಾರ್ಕೊ ಲಾರಿಯ ಕೆಳಗಿದ್ದರು.

ಕಾಗದ ಓದಿ ಹೇಳುವವನು ಮುಂದಿನ ಸಾಲನ್ನು ಮೊದಲೇ ನೋಡಿಕೊಳ್ಳುವುದಿಲ್ಲ ಮಾವ. ಗೊವಾಸೊ ರಸ್ತೆ ಎಂಬ ಮಾತು ಬಂದಾಗ ಓದುವುದನ್ನು ನಿಲ್ಲಿಸಿದೆ. ಅಮ್ಮ, “ಓದು, ನಿಲ್ಲಿಸ್ಬೇಡ” ಅಂದಳು. ಓದಿದೆ. ನ್ಯಾರ್ಕೊ ಲಾರಿಯ ಕೆಳಗಿನಿಂದ ಹೊರಬಂದು, ಸ್ಪ್ಯಾನರನ್ನು ಸದ್ದಾಗದಂತೆ ನೆಲಕ್ಕಿಟ್ಟು ಹೊರಟುಹೋದರು. ಅಸಾರೆಗೆ ಇದು ಎಂದೂ ತಿಳಿಯಬಾರದು ಎಂದು ನೀವು ಬರೆದದ್ದನ್ನೂ ನನ್ನ ಬಾಯಿಂದಲೇ ಓದಿದೆ. ಆಮೇಲೆ ಕೇಳಿದೆ, “ಒಲೆಗೆ ಹಾಕ್ಲಾ?” ಅಮ್ಮ ಬೇಡ ಎಂದಳು. ಅಪ್ಪ ಎದ್ದು ಕೂತಿದ್ದ ಎಂಬ ಸಾಲನ್ನು ಮತ್ತೆ ಓದಿಸಿದಳು. ಆ ದಿನ ನಾಲ್ಕು ಸಲ ಓದಿಸಿದಳು.

ಮೂರು ದಿನ ಇಬ್ಬರೂ ಲಾರಿಯ ಹತ್ತಿರ ಹೋಗಲಿಲ್ಲ. ನಾನು ನಿಮ್ಮ ಅಳಿಯ. ನಿಮ್ಮದೆಲ್ಲ ನನಗೆ ಬರಬೇಕಾದದ್ದು, ಇದೂ ಬಂತು, ಬೇಡ ಎನ್ನಲು ನನಗೆ ದಾರಿಯಿಲ್ಲ. ಆದರೆ ಅಪ್ಪನ ಸಾವು ನಮ್ಮ ಮನೆಯದಲ್ಲ. ಅದರ ಲೆಕ್ಕ ಕೇಳುವ ಹಕ್ಕು ಅವರ ತಾಯಿಮನೆಯವರದು. ನಾಲ್ಕನೇ ದಿನ ನಾನು ಲಾರಿ ಹತ್ತಿದೆ. ಅಮ್ಮ ತಾನಾಗಿ ಬಾಗಿಲು ತಡವಿಕೊಂಡು ಬಂದು ಪಕ್ಕದಲ್ಲಿ ಕೂತಳು. ನಿಮಗೆಂದು ಇಟ್ಟಿದ್ದ ಜಾಗ.

ಗೊವಾಸೊ ರಸ್ತೆಯ ಇಳಿಜಾರಿನಲ್ಲಿ, “ಬಂತಾ ಆ ಜಾಗ?” ಎಂದು ಕೇಳಿದಳು. “ಇದೇ” ಎಂದೆ. “ನಿಲ್ಸು” ಅಂದಳು. ಬ್ರೇಕು ಒತ್ತಿದೆ, ಲಾರಿ ಅಲ್ಲೇ ನಿಂತಿತು. ಅವಳು ಇಳಿಯಲಿಲ್ಲ, ಅಳಲಿಲ್ಲ. ಹಿಂದೆ ಬಂದ ಎರಡು ಗಾಡಿಯವರು ಬೈದು ದಾಟಿಕೊಂಡು ಹೋದರು. ಬಹಳ ಹೊತ್ತಿನ ಮೇಲೆ ಹೊರಡಲು ಹೇಳಿದಳು.

ಅಪ್ಪನ ತಾಯಿಮನೆಗೆ ಹೋಗಿ, ಅವರ ಅಕ್ಕ ಸೆಚಿವಾ ಅತ್ತೆಗೆ ನಿಮ್ಮ ಕಾಗದವನ್ನು ಓದಿ ಹೇಳಿದೆ. ಅಪ್ಪ ಎದ್ದು ಕೂತ ಸಾಲನ್ನು ಓದಿದ್ದು ಅದು ಆರನೇ ಸಲ. ಅತ್ತೆ ನಮಗೆ ನೀರು ಕೊಟ್ಟಿದ್ದ ಪಾತ್ರೆಯನ್ನು ವಾಪಸು ತೆಗೆದುಕೊಂಡು ಹೋಗಿ ಒಳಗಿಟ್ಟರು. ಆಮೇಲೆ ಬಂದು ಹೇಳಿದರು, “ಇದನ್ನ ಅವನ ಬಾಯಿಂದ ಕೇಳ್ಬೇಕು. ಅಲ್ಲೀತನಕ ಗಾಡಿ ಇಲ್ಲಿ ಬೇಡ ಅನ್ನಲ್ಲ, ನಮ್ಮ ಬಾಗಿಲಲ್ಲೇ ನಿಂತಿರ್ಲಿ.” ಕೀಲಿಯನ್ನು ಅವರ ಕೈಗೆ ಕೊಟ್ಟು, ಬೇರೆಯವರ ಲಾರಿ ಹತ್ತಿ ನಾವು ಮನೆಗೆ ಬಂದೆವು. ಕೋಕೋ ಸಾಗಿಸಲು ಈ ಸಲ ನಮ್ಮ ಗಾಡಿ ಇರುವುದಿಲ್ಲ. ನಾನು ನಾಳೆ ಸಾಮಿಲ್ಲಿಗೆ ಹೋಗಿ ಕೆಲಸ ಕೇಳುತ್ತೇನೆ.

ಅಮ್ಮ ನಿಮ್ಮನ್ನು ಬೈದಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಕಾಗದ ಬರೆ ಎಂದಳು. ಅವಳಿಗೆ ಒಂದೇ ವಿಷಯ ತಿಳಿಯಬೇಕಂತೆ. ಅಪ್ಪ ಕೈ ಎತ್ತಿದಾಗ, ಓಡಿಸುತ್ತಿದ್ದವರು ನೀವು ಎಂದು ಗುರುತು ಹಿಡಿದಿದ್ದರೇ? ತನ್ನವನು ಬಂದ, ಇನ್ನು ನಿಲ್ಲಿಸುತ್ತಾನೆ ಎಂದು ಎತ್ತಿದರೇ?

ಬಂದು ಹೇಳಿ. ಬರೆಯುವುದಾದರೆ ಬೇಗ ಬರೆಯಿರಿ, ಆದರೆ ನೆನಪಿರಲಿ ಮಾವ, ಅಮ್ಮನ ಪಟ್ಟಿ ಇನ್ನೂ ಬಿಚ್ಚಿಲ್ಲ. ಓದಿ ಹೇಳುವವನು ನಾನೇ.

ಅಸಾರೆ